ಫೆಬ್ರವರಿಯಲ್ಲೇ ಬಂತು ನೋಡಿ ಚಿಟ್ಟೆ

ರಾಯರೇ, ಒಂದು ಗಳಿಗೆ ಬೇಲಿ ಹತ್ತಿರ ಬನ್ನಿ, ಕಾಫಿ ಲೋಟ ಕೈಯಲ್ಲೇ ಇರಲಿ. ಈ ಫೋಟೋ ನೋಡಿ. ನಿನ್ನೆ ಮಧ್ಯಾಹ್ನ ನಿಮ್ಮ ಮೇಪಲ್ ಮರದ ಮೇಲೇ ಕೂತಿತ್ತು, ಈ ವರ್ಷದ ಮೊದಲ ಚಿಟ್ಟೆ. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಮಾಮೂಲಾಗಿ ಮಾರ್ಚ್ ಅರ್ಧ ಕಳೆದ ಮೇಲೆ ಕಾಣೋದು. ಫೆಬ್ರವರಿ ಇನ್ನೂ ಮುಗಿದಿಲ್ಲ, ಗರಾಜಿನ ನೆರಳಲ್ಲಿ ಹಿಮ ಹಾಗೇ ಇದೆ!

ಮೌರ್ನಿಂಗ್ ಕ್ಲೋಕ್ ಅಂತ ಇದರ ಹೆಸರು. ರೆಕ್ಕೆ ಕಡು ಕಂದುಗೆಂಪು. ಅಂಚಿನ ಪಟ್ಟಿಗೆ ಒತ್ತಿಕೊಂಡು ನೀಲಿ ಚುಕ್ಕಿಗಳ ಸಾಲು ಇದೆಯಲ್ಲ, ಸ್ವಲ್ಪ ದೊಡ್ಡದು ಮಾಡಿ ನೋಡಿ. ಆ ಪಟ್ಟಿ ಹೊಸದರಲ್ಲಿ ಹಳದಿಯಾಗಿರುತ್ತೆ, ಈಗ ಮಾಸಿ ಬಿಳಿಚಿಕೊಂಡಿದೆ. ಎಡಗಡೆ ತುದಿ ಹರಿದಿದೆ ಬೇರೆ. ಇದು ಎಳೆಯದಲ್ಲ ರಾಯರೇ, ಹೋದ ಬೇಸಿಗೆಯಲ್ಲಿ ಕೋಶ ಒಡೆದು ಬಂದ ಹಿರಿಯ ಜೀವ. ಮೊನಾರ್ಕ್ ಚಿಟ್ಟೆಯ ಹಾಗೆ ಮೆಕ್ಸಿಕೋಗೆ ಹೋಗಲಿಲ್ಲ. ಇಲ್ಲೇ ಯಾವುದೋ ತೊಗಟೆಯ ಸಂದಿನಲ್ಲಿ ರೆಕ್ಕೆ ಮಡಚಿಕೊಂಡು ಇಡೀ ಚಳಿಗಾಲ ಕಳೆದಿದೆ.

ಹೂವಿಲ್ಲದೆ ಏನು ತಿನ್ನುತ್ತೆ ಅಂದ್ರಾ? ಮರದ ರಸ. ನಿಮ್ಮ ಮೇಪಲ್‌ನ ಕೊಂಬೆ ಮುರಿದ ಜಾಗದಲ್ಲಿ ರಸ ಜಿನುಗ್ತಿದೆ, ಅಲ್ಲಿಗೇ ಬಂದಿತ್ತು. ಊರಲ್ಲಿ ಕರಿಬೇವಿನ ಗಿಡದ ಸುತ್ತ ಸುಳಿಯೋ ಚಿಟ್ಟೆಗಳನ್ನು ನೋಡಿ ಬೆಳೆದ ನಮಗೆ ಈ ಛಲ ದೊಡ್ಡದಾಗಿ ಕಾಣುತ್ತೆ.

ಫೋಟೋ ತೆಗೆಯೋದಕ್ಕೆ ತಾಳ್ಮೆ ಬೇಕು. ಅದು ಮೈ ಕಾಯಿಸಿಕೊಳ್ಳೋಕೆ ಬಿಸಿಲಿಗೆ ರೆಕ್ಕೆ ಹರಡಿ ಕೂರುತ್ತೆ. ನಮ್ಮ ನೆರಳು ಬಿತ್ತೋ, ಹಾರಿಹೋಯ್ತು. ಆದರೆ ಅಟ್ಟಿಸಿಕೊಂಡು ಹೋಗಬಾರದು. ಎಷ್ಟೋ ಸಲ ಒಂದು ಸುತ್ತು ಹಾಕಿ ಅದೇ ಜಾಗಕ್ಕೆ ಬರುತ್ತೆ. ಉದ್ದ ಲೆನ್ಸ್ ಹಾಕಿ ದೂರದಲ್ಲೇ ಮಂಡಿಯೂರಿ ಕಾದರೆ ಸಾಕು. ಕಡು ಬಣ್ಣದ ರೆಕ್ಕೆ ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿಬಿಡುತ್ತೆ, ಆಗ ಅಂಚು ಸುಣ್ಣ ಬಳಿದ ಹಾಗೆ ಬರುತ್ತೆ. ಅದಕ್ಕೇ ಎಕ್ಸ್‌ಪೋಷರ್ ಒಂದು ಹೆಜ್ಜೆ ಇಳಿಸಿಕೊಂಡೆ.

ತಾರೀಖು ಮಾತ್ರ ತಪ್ಪದೆ ಬರೆದಿಡ್ತೀನಿ. ಪಕ್ಕದ ಕಾಂಕರ್ಡ್‌ನಲ್ಲಿ ಲೇಖಕ ಥೋರೋ 1850ರ ದಶಕದಲ್ಲಿ ಯಾವ ಹೂವು ಯಾವತ್ತು ಅರಳಿತು ಅಂತ ಬರೆದಿಟ್ಟಿದ್ದ. ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಜೊತೆಯವರು ಅದೇ ಟಿಪ್ಪಣಿ ಹಿಡಿದು ಈಗಿನ ಹೂಗಳ ಜೊತೆ ಹೋಲಿಸಿದರು. 2012ರಲ್ಲಿ, ಮಾರ್ಚ್ ತಿಂಗಳೇ ಬೇಸಿಗೆ ಥರ ಕಾದಿತ್ತಲ್ಲ, ಆ ವರ್ಷ ಥೋರೋ ಕಾಲಕ್ಕಿಂತ ಸುಮಾರು ಮೂರು ವಾರ ಮೊದಲೇ ಹೂ ಬಿಟ್ಟಿತ್ತು. ಒಬ್ಬ ಮನುಷ್ಯ ದಿನಾ ನಡೆದು, ನೋಡಿ, ಬರೆದಿಟ್ಟದ್ದು ಇಷ್ಟು ಕಾಲದ ಮೇಲೆ ಇಂಥ ಕೆಲಸಕ್ಕೆ ಬಂತು ಅಂದ್ರೆ ನನಗೆ ರೋಮಾಂಚನ ಆಗುತ್ತೆ.

ಖುಷಿಯ ಜೊತೆಗೆ ಒಂದು ಆತಂಕವೂ ಇದೆ. ಸೆಕೆಗೆ ಎದ್ದು ಓಡಾಡಿದಷ್ಟೂ ಕೂಡಿಟ್ಟ ಕೊಬ್ಬು ಕರಗುತ್ತೆ. ಮೊಟ್ಟೆ ಇಡೋದು ವಿಲ್ಲೋ, ಎಲ್ಮ್ ಥರದ ಮರಗಳ ಕಡ್ಡಿ ಸುತ್ತ, ಅವಿನ್ನೂ ಚಿಗುರಿಲ್ಲ. ನಡುವೆ ಮತ್ತೆ ಹಿಮ ಬಿದ್ದರೆ ವಾಪಸ್ ತೊಗಟೆಯದ್ದೋ ಸೌದೆಯದ್ದೋ ಸಂದಿನಲ್ಲಿ ಅವಿತುಕೊಳ್ಳಬೇಕು. ಅದಕ್ಕೇ ಕೇಳ್ತಿದ್ದೀನಿ, ನಿಮ್ಮ ಹಿತ್ತಲಿನ ಸೌದೆ ರಾಶಿ ಈ ಶನಿವಾರ ತೆಗೆಸ್ತೀನಿ ಅಂದಿದ್ದಿರಲ್ಲ, ಏಪ್ರಿಲ್ ಕಳೆಯೋವರೆಗೆ ಹಾಗೇ ಬಿಟ್ಟಿರ್ತೀರಾ? ಆಮೇಲೆ ಹೊರೋಕೆ ನಾನೇ ಬರ್ತೀನಿ.