ಮರಸು ಕೂತವರು

ಅಕ್ಕಾ, ನಿಮ್ಮ ಮಗಳು ಟೀವಿಯವರ ಹತ್ತಿರ ಕೆಲಸಕ್ಕೆ ಸೇರ್ತಾಳಂತೆ, ಕೇಳಿ ಖುಷಿಯಾಯ್ತು. ನಿನ್ನೆ ಸಂಜೆ ಹೂ ಕೊಯ್ಯೋಕೆ ಬಂದವಳು ಇದೇ ಬೇಲಿ ಹತ್ತಿರ ನಿಂತು, "ಅತ್ತೆ, ಕಾದು ಕೂತು ಒಬ್ಬರನ್ನ ಕ್ಯಾಮೆರಾದಲ್ಲಿ ಹಿಡಿಯೋದು ತಪ್ಪಾ?" ಅಂತ ಕೇಳಿದಳು. ತಟ್ಟನೆ ಉತ್ತರ ಹೊಳೀಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿ.

ನಮ್ಮ ಕಡೆ ಹಳಬರು ಮರಸು ಕೂರೋದು ಅಂತಿದ್ದರಲ್ಲ, ನೆನಪಿದೆಯಾ? ಕಾಡಲ್ಲಿ ಹಣ್ಣುದುರೋ ಮರ ನೋಡಿಕೊಂಡು, ಕೋವಿ ಹಿಡಿದು ಮರೆಯಲ್ಲಿ ಸದ್ದಿಲ್ಲದೆ ಕೂತಿರೋದು. ಪ್ರಾಣಿಯನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಹಣ್ಣಿನಾಸೆಗೆ ಅದೇ ನಡೆದು ಬರುತ್ತೆ. ಹೊಂಚಿನ ಗುಟ್ಟೇ ಅದು. ಸಿಕ್ಕಿಬೀಳೋನು ತನ್ನ ಕಾಲಲ್ಲೇ ನಡೆದು ಬರ್ತಾನೆ. ಒಂದೋ ಆಸೆ ಕರೆತರುತ್ತೆ, ಇಲ್ಲ ನಂಬಿಕೆ.

ನಂಬಿಕೆ ಕರೆತಂದದ್ದಕ್ಕೆ ಒಂದು ಹಳೇ ಕತೆ ಇದೆ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೋಬರ್ಗ್ ಕಾಡಲ್ಲಿ ರೋಮಿನ ಮೂರು ಲೀಜನ್ ಸೇನೆ ನಾಶವಾಯ್ತು. ದಾರಿ ತಪ್ಪಿಸಿದ ಆರ್ಮಿನಿಯಸ್ ಹೊರಗಿನವನಲ್ಲ. ರೋಮಿನ ಪೌರತ್ವ ಪಡೆದವನು, ಸೇನಾಪತಿ ವಾರಸನ ಜೊತೆ ಕೂತು ಉಣ್ಣುತ್ತಿದ್ದವನು. ಇವನನ್ನ ನಂಬಬೇಡ ಅಂತ ಎಚ್ಚರಿಸಿದವರೂ ಇದ್ದರು. ವಾರಸ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮೀಣ್ಯಂ ಕಾಡನ್ನೇ ನೋಡಿ. 1992ರ ಆಗಸ್ಟ್ 14ರಂದು ಕಾಡುಗಳ್ಳ ವೀರಪ್ಪನ್ ಬಗ್ಗೆ ಬಂದ ಸುಳಿವು ನಂಬಿಕೊಂಡು ಹೊರಟ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಕೆಲವು ಪೊಲೀಸರು ಹಿಂತಿರುಗಲಿಲ್ಲ. ಆ ಸುಳಿವೇ ಮರದಡಿಯ ಹಣ್ಣಾಗಿತ್ತು. ಅವರ ಸಾವನ್ನ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಹನ್ನೆರಡು ವರ್ಷ ಕಳೆದು, 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಹತ್ತಿರದ ಪಾಪ್ಪಾರಪಟ್ಟಿಯಲ್ಲಿ ವೀರಪ್ಪನ್ನೂ ಹಾಗೇ ಹೋದ. ಕಣ್ಣಿನ ಚಿಕಿತ್ಸೆಗೆ ಅಂತ ನಂಬಿ ಹತ್ತಿದ ಆಂಬುಲೆನ್ಸ್ ಓಡಿಸ್ತಿದ್ದವನೇ ಪೊಲೀಸು.

ರಾಜಕೀಯದ ಹೊಂಚು ಎಲ್ಲರಿಗೂ ಗೊತ್ತಿರೋದೇ. 2019ರ ನವೆಂಬರ್ 23ರ ಬೆಳಿಗ್ಗೆ ಮಹಾರಾಷ್ಟ್ರದ ಜನ ಕಾಫಿ ಕುಡಿಯೋ ಹೊತ್ತಿಗೆ ಮುಖ್ಯಮಂತ್ರಿಯಾಗಿ ಫಡಣವೀಸ್, ಉಪಮುಖ್ಯಮಂತ್ರಿಯಾಗಿ ಅಜಿತ್ ಪವಾರ್ ಪ್ರಮಾಣವಚನವೇ ಮುಗಿದಿತ್ತು. ನಾಲ್ಕನೇ ದಿನಕ್ಕೆ ಆ ಸರ್ಕಾರ ಇರಲಿಲ್ಲ. ಓಟು ಹಾಕಿದವರನ್ನ ನಿದ್ದೆಯಲ್ಲಿಟ್ಟು ಮಾಡೋ ಕೆಲಸ ನನಗೆ ಸರಿ ಕಾಣೋದಿಲ್ಲ, ಯಾವ ಪಕ್ಷದವರೇ ಮಾಡಲಿ.

ಇನ್ನು ನಿಮ್ಮ ಮಗಳು ಕೇಳಿದ್ದಕ್ಕೆ ಬರ್ತೀನಿ. ತೆಹಲ್ಕಾ ಸುದ್ದಿತಾಣದವರು ಶಸ್ತ್ರಾಸ್ತ್ರ ವ್ಯಾಪಾರಿಗಳ ವೇಷ ಹಾಕಿ ಆಗಿನ ಬಿಜೆಪಿ ಅಧ್ಯಕ್ಷ ಬಂಗಾರು ಲಕ್ಷ್ಮಣ್ ಮುಂದೆ ಒಂದು ಲಕ್ಷ ರೂಪಾಯಿ ಇಟ್ಟರು. ಲಕ್ಷ್ಮಣ್ ಅದನ್ನ ತಗೊಂಡದ್ದನ್ನ 2001ರ ಮಾರ್ಚಿನಲ್ಲಿ ದೇಶವೇ ನೋಡಿತು. 2012ರಲ್ಲಿ ನಾಲ್ಕು ವರ್ಷ ಶಿಕ್ಷೆಯಾಯ್ತು. ಆ ಹೊಂಚು ಬೇಕಿತ್ತು ಅಂತಲೇ ನಾನು ಹೇಳ್ತೀನಿ. ಅಧಿಕಾರದ ಬಾಗಿಲ ಹಿಂದೆ ನಡೆಯೋದು ಬೇರೆ ಹೇಗೆ ಗೊತ್ತಾಗಬೇಕು? ಆದರೆ ಅದೇ ತನಿಖೆಯಲ್ಲಿ ಸೇನಾಧಿಕಾರಿಗಳ ಹತ್ತಿರ ವೇಶ್ಯೆಯರನ್ನ ಕಳಿಸಿದ್ದು ಆಮೇಲೆ ಹೊರಬಿತ್ತು. ಅದನ್ನ ಒಪ್ಪೋಕಾಗಲ್ಲ. ಆ ಹೆಣ್ಣುಮಕ್ಕಳನ್ನೇ ಎರೆ ಮಾಡಿದ ಹಾಗಾಯ್ತಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ 2007ರ ಆಗಸ್ಟಿನ ಸಂಗತಿ. ದೆಹಲಿಯ ಒಬ್ಬ ಶಾಲಾ ಶಿಕ್ಷಕಿ ತನ್ನ ವಿದ್ಯಾರ್ಥಿನಿಯರನ್ನ ವೇಶ್ಯಾವಾಟಿಕೆಗೆ ತಳ್ತಾಳೆ ಅಂತ ಒಂದು ವಾಹಿನಿ ಕದ್ದು ತೆಗೆದ ಚಿತ್ರ ತೋರಿಸಿತು. ಜನ ಶಾಲೆಗೇ ನುಗ್ಗಿ ಆಕೆಯನ್ನ ಹೊಡೆದರು, ಬಟ್ಟೆ ಹರಿದರು. ಪೊಲೀಸರು ವಿಚಾರಿಸಿದರೆ ಎಲ್ಲ ಕಟ್ಟುಕತೆ. ವಿದ್ಯಾರ್ಥಿನಿ ಅಂತ ತೋರಿಸಿದ ಹುಡುಗಿ ಆ ಶಾಲೆಯವಳೇ ಅಲ್ಲ. ವರದಿಗಾರ ಜೈಲಿಗೆ ಹೋದ. ಸರ್ಕಾರ ಆ ವಾಹಿನಿಯನ್ನ ಒಂದು ತಿಂಗಳು ನಿಲ್ಲಿಸಿತು. ಒಂದು ತಿಂಗಳಷ್ಟೇ ಅಕ್ಕಾ! ತಪ್ಪಿಲ್ಲ ಅಂತ ಗೊತ್ತಾದ ಮಾತ್ರಕ್ಕೆ ಆಕೆ ಮತ್ತೆ ತಲೆಯೆತ್ತಿ ಆ ಬೀದಿಯಲ್ಲಿ ನಡೆಯೋಕಾಗುತ್ತಾ?

ಅದಕ್ಕೇ ನಿಮ್ಮ ಮಗಳಿಗೆ ಹೇಳಿ. ಕ್ಯಾಮೆರಾ ಬಚ್ಚಿಟ್ಟುಕೊಂಡು ಹೋಗೋ ಮೊದಲು, ಎದುರಿಗಿರೋನ ಕೈಯಲ್ಲಿ ಅಧಿಕಾರ ಇದೆಯಾ ನೋಡಿಕೊಳ್ಳಲಿ. ಇಲ್ಲದಿದ್ದರೆ ಬಾಗಿಲು ತಟ್ಟಿ, ಹೆಸರು ಹೇಳಿ, ಎದುರಿಗೆ ಕೂತು ಕೇಳಲಿ. ಸಂಜೆ ಅವಳನ್ನ ಒಂದು ಸಲ ಈ ಕಡೆ ಕಳಿಸಿ, ಆ ಶಿಕ್ಷಕಿ ವಿಷಯ ನಾನೇ ಹೇಳ್ತೀನಿ.