ಎಚ್ಚರಣ್ಣ

ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವನು ಎಚ್.ಆರ್. ಹರದನಹಳ್ಳಿಯ ನಾಲಗೆಗೆ ಅದು ಹೊರಳದೆ ಎಚ್ಚರಣ್ಣನಾದ. ಹೆಸರೇನೂ ಸುಳ್ಳಲ್ಲ, ಅವನು ತರಬೇತಿ ಕೊಡುವಾಗ ಎಚ್ಚರವಾಗಿರುವವನು ಅವನೊಬ್ಬನೇ.

ಕೊರಳಿನ ಐಡಿ ಕಾರ್ಡು ಭಾನುವಾರವೂ ಇಳಿಯುವುದಿಲ್ಲ. ಮದುವೆ ಊಟಕ್ಕೆ ಪಕ್ಕದಲ್ಲಿ ಕೂತರೆ, "ಅಣ್ಣ, ಐದು ವರ್ಷ ಆದ್ಮೇಲೆ ಎಲ್ಲಿರ್ತೀರಿ?" ಅನ್ನುತ್ತಾನೆ. "ಪಾಯಸಕ್ಕೆ ಕಾಯ್ತಾ ಇಲ್ಲೇ" ಎಂದೆ ಒಮ್ಮೆ. ಬರೆದುಕೊಂಡ.

2025ರ ನವೆಂಬರ್ 21ರಂದು 29 ಕಾರ್ಮಿಕ ಕಾನೂನು ಹೋಗಿ 4 ಸಂಹಿತೆ ಬಂದವಲ್ಲ, ಅಂದಿನಿಂದ ಕಾಯಿಲೆ ಉಲ್ಬಣಿಸಿತು. ಈ ಸಲ ನಮ್ಮ ತೋಟದಲ್ಲಿ ಅರಿಸಿನ ಬೇಯಿಸುವ ದಿನ, ನಾಲ್ಕು ಆಳಿಗೆ ನಾಲ್ಕು ನೇಮಕಾತಿ ಪತ್ರ ಹಿಡಿದು ಬಂದ. ಕಾನೂನು ನಮಗೆ ಅನ್ವಯಿಸುತ್ತದೋ ಇಲ್ಲವೋ, ಅವನಿಗೆ ಅನ್ವಯಿಸಿಬಿಟ್ಟಿತ್ತು. ಕೊಪ್ಪರಿಗೆ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೆಂಕಿ ಆರಿಸುವ ಸಿಲಿಂಡರಿನ ಪಾಠ ಶುರು: ಪಿನ್ ಕೀಳು, ಬುಡಕ್ಕೆ ಗುರಿ ಇಡು, ಹಿಡಿಕೆ ಒತ್ತು, ಅತ್ತಿತ್ತ ಬೀಸು. ಸಿಲಿಂಡರ್ ಇರಲಿಲ್ಲ, ನನ್ನ ಕೈಗೆ ಚೊಂಬು ಕೊಟ್ಟ. ನಾನೂ ಬೀಸಿದೆ.

"ನೀ ಹುಟ್ಟಕ್ಕೆ ಮುಂಚಿಂದ ಬೇಯಿಸ್ತಾ ಇವ್ನಿ ಕನ, ಒಲೆ ಆರಿಸಕ್ಕೆ ಪಿನ್ನು ಯಾಕಪ್ಪ?" ಎಂದಳು ಆಳುಗಳಲ್ಲೊಬ್ಬಳಾದ ದೊಡ್ಡವ್ವ.

"ಒಳ್ಳೆ ಪ್ರಶ್ನೆ" ಎಂದವನೇ ಹತ್ತು ಪ್ರಶ್ನೆಯ ಬಾಯಿಪರೀಕ್ಷೆ ಇಟ್ಟ. ದೊಡ್ಡವ್ವನಿಗೆ ಒಂಬತ್ತು, ನನಗೆ ಆರು. ಅಷ್ಟರಲ್ಲಿ ಅರಿಸಿನ ಬೆಂದು ಮುದ್ದೆಯಾಗಿತ್ತು. ನಾನು ರೇಗಿದರೆ, "ನಮ್ಮೂರಿಗೆ ಕಲಿಯೋದು ಹೊಸದಾ ಅಣ್ಣ? ಸಿದ್ಧಲಿಂಗೇಶ್ವರರೇ ಇಲ್ಲಿ ಗೋಸಲ ಚನ್ನಬಸವೇಶ್ವರರ ಹತ್ರ ಕಲ್ತಿದ್ದು" ಎನ್ನುತ್ತ ಹಾಜರಿ ಹಾಳೆ ಮುಂದೆ ಹಿಡಿದ. ಆ ಗುರುಗಳು ಹಾಜರಿ ಹಾಳೆಗೆ ಸಹಿ ಹಾಕಿಸಿಕೊಂಡರೆಂದು ನಾನೆಲ್ಲೂ ಓದಿಲ್ಲ.

ದೊಡ್ಡವ್ವ ಮಾತ್ರ ತಾನಾಗಿಯೇ ಹೆಬ್ಬೆಟ್ಟು ಚಾಚಿದಳು. ಆಮೇಲೆ ಗೊತ್ತಾಯಿತು: ಅವಳ ಮೊಮ್ಮಗಳನ್ನು ಕೆಲಸಕ್ಕೆ ಸೇರಿಸಿದವನು ಇವನೇ. ಮೊಮ್ಮಗಳು ಬಸುರಾದಾಗ ಸೂಪರ್‌ವೈಸರ್ "ಬಿಟ್ಟೋಗು" ಅಂದನಂತೆ. ಇವನು ಇಂಥದೇ ಒಂದು ಹಾಳೆ ಹಿಡಿದು ಹೋಗಿ 26 ವಾರದ ಸಂಬಳದ ರಜೆ ಕೊಡಿಸಿದ್ದ. ಅಷ್ಟು ಮಾತಾಡುವವನು ಇದೊಂದನ್ನು ನನಗೆ ಹೇಳಿರಲಿಲ್ಲ.

ಈಗ ಅವನ ಕಾರ್ಖಾನೆಯಲ್ಲಿ ಅರ್ಜಿ ಜರಡಿ ಹಿಡಿಯುವುದು ಕಂಪ್ಯೂಟರಂತೆ. ಅವನನ್ನೂ ವರ್ಷದ ಗುತ್ತಿಗೆಗೆ ಇಳಿಸಿದ್ದಾರೆ. ಐದು ವರ್ಷ ಆದಮೇಲೆ ನೀನೆಲ್ಲಿರ್ತೀಯಪ್ಪ ಎಂದು ಬಾಯಿತನಕ ಬಂತು. ಕೇಳಲಿಲ್ಲ. ಹಾಳೆ ಇಸಿದುಕೊಂಡು ಸಹಿ ಹಾಕಿ ವಾಪಸು ಕೊಟ್ಟೆ.

ಕನ್ನಡಕ ಏರಿಸಿ ನೋಡಿದ. "ಅಣ್ಣ, ತಾರೀಖು ಬಿಟ್ಟಿದ್ದೀರಿ."