ಮೂರು ಕಾನೂನುಗಳ ಒಡೆಯರಿಗೆ ಕಕ್ಷಿದಾರನ ಅಡ್ಡಬಿದ್ದ ಓಲೆ

ಪರಮಪೂಜ್ಯ ವಕೀಲ ಮಹಾಶಯರ ಪಾದಾರವಿಂದಗಳಿಗೆ,

ನಿಮ್ಮ ಕಚೇರಿ ಬಾಗಿಲಲ್ಲಿ ‘ಕಟ್ಟಡ, ನೌಕರಿ, ವಾಣಿಜ್ಯ ಕಾನೂನು ತಜ್ಞರು’ ಎಂಬ ಬೋರ್ಡು ಕಂಡ ದಿನವೇ ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದವನು ನಾನು. ವಕೀಲರು ನಾಮಫಲಕದಲ್ಲಿ ಪರಿಣತಿ ಬರೆದುಕೊಳ್ಳಕೂಡದು ಎನ್ನುತ್ತದಂತೆ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ. ಅಂಥ ನಿಯಮವನ್ನೇ ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದವರು ನನ್ನ ಬಿಲ್ಡರನ್ನು ಬಿಟ್ಟಾರೆಯೇ ಎಂದು ಹಿಗ್ಗಿದೆ.

ಮೊದಲು ಕಟ್ಟಡ. ಹೇಳಿದ ದಿನಕ್ಕೆ ಫ್ಲಾಟ್ ಕೊಡದಿದ್ದರೆ ಕೊಟ್ಟ ಹಣ ಬಡ್ಡಿಸಮೇತ ವಾಪಸ್, ಬೇಡವೆಂದರೆ ಕೀಲಿಕೈ ಸಿಗುವವರೆಗೆ ತಿಂಗಳು ತಿಂಗಳು ಬಡ್ಡಿ. 2016ರ ರೇರಾ ಕಾಯ್ದೆಯ 18ನೇ ಕಲಮು ಇಷ್ಟೇ ಹೇಳುವುದು. ನಾನು ಓದಿ ಹೇಳಿದಾಗ ತಾವು ಕರುಣೆಯಿಂದ ನಕ್ಕು ಸಿವಿಲ್ ಕೋರ್ಟಿಗೆ ಕರೆದೊಯ್ದಿರಿ. ಇಂಥ ವಿಷಯ ಕೇಳುವ ಅಧಿಕಾರ ಸಿವಿಲ್ ಕೋರ್ಟಿಗಿಲ್ಲ ಎಂದು ಅದೇ ಕಾಯ್ದೆಯ 79ನೇ ಕಲಮು ಹೇಳುತ್ತದೆಂಬುದು ಎದುರು ಪಕ್ಷದವರ ಬಾಯಿಂದ ನನಗೆ ತಿಳಿಯುವಷ್ಟರಲ್ಲಿ ಹದಿನಾಲ್ಕು ವಾಯಿದೆ ಕಳೆದಿದ್ದವು. ಆ ಅಲೆದಾಟದಿಂದ ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಆ ಉಪಕಾರ ಮರೆಯಲಾರೆ.

ನೌಕರಿಯೂ ಅದೇ ಬಿಲ್ಡರನಲ್ಲೇ, ಹನ್ನೊಂದು ವರ್ಷ ಸೈಟ್ ಸೂಪರ್‌ವೈಸರ್. ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಗ್ರಾಚ್ಯುಟಿ, ಅದೂ ಕೆಲಸ ಬಿಟ್ಟ 30 ದಿನದೊಳಗೆ. ಎಷ್ಟಾಗುತ್ತದೆಂದು ತಾವು ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿದಿರಿ. ನನಗಾಗಿ ಎಂದುಕೊಂಡೆ. ಫೀಸು ಹೇಳಿದಾಗ ಅರ್ಥವಾಯಿತು. ಅರ್ಜಿ ಈಗಲೂ ನಿಮ್ಮ ಜೂನಿಯರ್ ಮೇಜಿನ ಮೇಲೆ, ಟೀ ಲೋಟದ ಅಡಿಯಲ್ಲಿ ಕ್ಷೇಮ.

ವಾಣಿಜ್ಯದ ಪಾಂಡಿತ್ಯ ನನ್ನ ಭಾವಮೈದನ ಪಾಲಿಗೆ. ಎಂ-ಸ್ಯಾಂಡಿನ ಬಾಕಿಗೆ ಹೂಡಿದ ದಾವೆ, ಮೊದಲು ಸಂಧಾನಕ್ಕೆ ಹೋಗಿಲ್ಲವೆಂದು ತಿರಸ್ಕೃತ. ಅವನೀಗ ನನ್ನೊಂದಿಗೂ ಸಂಧಾನಕ್ಕೆ ಒಪ್ಪುತ್ತಿಲ್ಲ.

ಇಷ್ಟಾದರೂ ತಮ್ಮ ವಿದ್ಯೆಯನ್ನು ಶಂಕಿಸಿದವನಲ್ಲ. ಮೊನ್ನೆ ಕನ್ನಡಕ ಬದಲಿಸಿದ ಮೇಲೆ ಫ್ಲಾಟಿನ ಕರಾರುಪತ್ರವನ್ನು ಮತ್ತೆ ಓದಿದೆ. ‘ತಡವಾದರೆ ಬಿಲ್ಡರ್ ಹೊಣೆಯಲ್ಲ’ ಎಂಬ ಆ ಸೊಗಸಾದ ಷರತ್ತಿನ ಕೆಳಗೆ, ಕೊನೆಯ ಹಾಳೆಯಲ್ಲಿ, ಕರಡು ಬರೆದವರ ಸೀಲು ಇತ್ತು. ನಿಮ್ಮದೇ. ಕಟ್ಟಡ ಕಾನೂನಿನಲ್ಲಿ ತಮಗಿರುವ ಹಿನ್ನೆಲೆ ಎಂಥದ್ದೆಂದು ಆಗ ಕಣ್ತುಂಬಿ ಕಂಡೆ.

ಈಗ ಒಂದೇ ವಿನಂತಿ: ಕೇಸಿನ ಕಟ್ಟು ಕೊಡಿ. ಬಾಕಿ ಫೀಸು ಬರದೆ ಕೊಡುವುದಿಲ್ಲ ಎಂದರು ನಿಮ್ಮ ಗುಮಾಸ್ತರು. ಫೀಸಿಗಾಗಿ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಮೂರು ಕಾನೂನುಗಳ ಗದ್ದಲದಲ್ಲಿ ತಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ಸೋಮವಾರ ಬರುತ್ತೇನೆ. ತಮಗೆ ತೊಂದರೆ ಬೇಡ, ಬೇರೆ ವಕೀಲರನ್ನಿಡಲು ಬೇಕಾದ ಎನ್‌ಒಸಿ ನಾನೇ ಟೈಪ್ ಮಾಡಿಸಿ ತರುತ್ತೇನೆ. ಸಹಿ ಹಾಕಿ ಸೀಲು ಒತ್ತಿದರೆ ಸಾಕು. ತಮ್ಮ ಸೀಲು ಚೆನ್ನಾಗಿ ಮೂಡುತ್ತದೆ, ನೋಡಿದ್ದೇನೆ.

ಇಂತಿ,
ತಮ್ಮ ಕಚೇರಿಯ ಬೆಂಚು ಸವೆಸಿದ ವಿಧೇಯ ಕಕ್ಷಿದಾರ